ಇಲ್ಲಿಂದ ಅಲ್ಲಿಗೆ ಎಷ್ಟು ದೂರ?

ಚಾಮುಂಡಿ ಬೆಟ್ಟ ಎಷ್ಟು ದೂರ ಎಂದು ಮೈಸೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬಸ್ಸಿನವರು ಒಂದು ಲೆಕ್ಕ ಹೇಳುತ್ತಾರೆ, ಕಾರಿನವರು ಇನ್ನೊಂದು. ಬೆಳಗಿನ ಜಾವ ಪಾದದಿಂದ ಹತ್ತುವವರು ಕಿಲೋಮೀಟರಿನ ಮಾತೇ ಎತ್ತದೆ ‘1008 ಮೆಟ್ಟಿಲು’ ಎನ್ನುತ್ತಾರೆ. ಬೆಟ್ಟ ಒಂದೇ, ನಿಂತ ಜಾಗ ಬೇರೆಯಾದರೆ ದೂರ ಬೇರೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಈ ಮೆಟ್ಟಿಲುಗಳನ್ನು ಕಟ್ಟಿಸಿದರು, ದಾರಿಯಲ್ಲಿ ಒಂದೇ ಬಂಡೆಯ ನಂದಿಯನ್ನೂ ಕಡೆಸಿದರು. ನಂದಿಯ ಬಳಿ ದಣಿವಾರಿಸಿಕೊಳ್ಳುತ್ತ ಕೂತವರ ಮಾತು ಸೈಟಿನ ಬೆಲೆ, ಮಗಳ ಮದುವೆ, ಚುನಾವಣೆ ಎಂದು ಎತ್ತೆತ್ತಲೋ ಹರಿಯುತ್ತದೆ. ನನ್ನದೂ ನನ್ನ ತಂಗಿಯ ಮಗನದೂ ಮಾತು ಸರ್ವರಿನ ಕಡೆಗೇ ಹೊರಳುತ್ತದೆ. ಅವನಿಗೆ ಡೇಟಾಬೇಸ್ ನೋಡಿಕೊಳ್ಳುವ ಕೆಲಸ, ನಾನೂ ಅದೇ ಕಸುಬಿನಲ್ಲಿ ತಲೆ ನರೆಸಿಕೊಂಡವನು.

“ಮಾವ, ಇದೊಂದು ಅರ್ಥ ಆಗ್ತಿಲ್ಲ. 64 ಜಿಬಿ ಮಷೀನು, 15 ಜಿಬಿ ಇನ್ನೂ ಖಾಲಿ ತೋರಿಸ್ತಿದೆ. ಆದ್ರೂ ಮೈಎಸ್‌ಕ್ಯೂಎಲ್ ಸ್ವಾಪ್‌ಗೆ ಹೋಗ್ತಿದೆ. ಕ್ವೆರಿಗಳೆಲ್ಲ ತೆವಳ್ತಿವೆ” ಎಂದ ಒಂದು ಸಲ.

“ಎಷ್ಟು ಸಾಕೆಟ್ಟು?”

“ಎರಡು.”

“ಹಾಗಾದ್ರೆ ಎಷ್ಟು ಖಾಲಿ ಇದೆ ಅನ್ನೋದನ್ನ ಬಿಡಪ್ಪ. ಯಾವ ಕಡೆ ಖಾಲಿ ಇದೆ ನೋಡು.”

ಎರಡು ಸಾಕೆಟ್ಟಿನ ಸರ್ವರ್ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಪ್ರೊಸೆಸರ್. ಒಂದೊಂದಕ್ಕೂ ಅದರ ಪಕ್ಕದಲ್ಲೇ ಅದರದೇ ರ್‍ಯಾಮ್ ಇರುತ್ತದೆ. ಈ ಜೋಡಿಗೆ ನೋಡ್ ಎನ್ನುತ್ತಾರೆ. ತನ್ನ ಪಕ್ಕದ ರ್‍ಯಾಮಿನಿಂದ ಓದಲು ಪ್ರೊಸೆಸರಿಗೆ ಸುಮಾರು 80ರಿಂದ 100 ನ್ಯಾನೊಸೆಕೆಂಡ್ ಬೇಕು. ಆಚೆ ಬದಿಯದನ್ನು ಓದಬೇಕಾದರೆ ನಡುವಿನ ಕೊಂಡಿ ದಾಟಿ ಹೋಗಿ ಬರಬೇಕು, ಆಗ ಒಂದೂವರೆ ಪಟ್ಟು ಹೊತ್ತು, ಕೆಲವು ಯಂತ್ರಗಳಲ್ಲಿ ಇನ್ನೂ ಹೆಚ್ಚು. ಇಂಥ ಯಂತ್ರಕ್ಕೇ ನ್ಯೂಮಾ ಎಂದು ಹೆಸರು. ಲಿನಕ್ಸ್‌ನಲ್ಲಿ ನ್ಯೂಮಾಸಿಟಿಎಲ್ ಎಂಬ ಆಜ್ಞೆ ಕೊಟ್ಟರೆ ದೂರಗಳ ಒಂದು ಪುಟ್ಟ ಕೋಷ್ಟಕ ಕಾಣುತ್ತದೆ. ತನ್ನ ರ್‍ಯಾಮಿಗೆ 10, ಆಚೆಯದಕ್ಕೆ ಸಾಮಾನ್ಯವಾಗಿ 20 ಅಥವಾ 21. ಡೇಟಾಬೇಸ್ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಮೊದಲ ದಿನವೇ ಆ ಕೋಷ್ಟಕವನ್ನು ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಹುಡುಗನ ಯಂತ್ರದಲ್ಲಿ ಆದದ್ದು ಇಷ್ಟು. ಮೆಮೊರಿಯ ಒಂದು ತುಂಡನ್ನು, ಅಂದರೆ ಪುಟವನ್ನು, ಮೊದಲು ಮುಟ್ಟಿದ ಪ್ರೊಸೆಸರ್ ಯಾವುದೋ ಅದರ ಪಕ್ಕದ ರ್‍ಯಾಮಿನಲ್ಲೇ ಲಿನಕ್ಸ್ ಜಾಗ ಕೊಡುತ್ತದೆ. ಮೈಎಸ್‌ಕ್ಯೂಎಲ್ ಶುರುವಾಗುವಾಗ ದತ್ತಾಂಶ ಇಟ್ಟುಕೊಳ್ಳುವ ತನ್ನ ದೊಡ್ಡ ಬಫರ್ ಪೂಲನ್ನು ಒಂದೇ ಥ್ರೆಡ್ಡಿನಿಂದ ತೆಗೆದುಕೊಂಡಿತ್ತು. 48 ಜಿಬಿ ಕೇಳಿದಾಗ ಮೊದಲ ನೋಡಿನ 32 ಜಿಬಿ ತುಂಬಿ, ಉಳಿದ 16 ಎರಡನೆಯದಕ್ಕೆ ಹೋಯಿತು. ಆಮೇಲೆ ಮೊದಲ ನೋಡಿನಲ್ಲೇ ಜಾಗ ಬೇಕೆನ್ನುವ ಕೋರಿಕೆ ಬಂದಾಗಲೆಲ್ಲ ಲಿನಕ್ಸ್‌ನ ತಿರುಳಾದ ಕರ್ನಲ್ ಅಲ್ಲಿದ್ದ ಪುಟಗಳನ್ನು ಡಿಸ್ಕಿಗೆ ಅಟ್ಟತೊಡಗಿತು, ಅದೇ ಸ್ವಾಪ್.

ಆಷಾಢ ಶುಕ್ರವಾರ ಬೆಟ್ಟಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದು ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲೇ ನಿಲ್ಲಿಸಿ, ಭಕ್ತರನ್ನು ಬಸ್ಸಿನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ಈ ಏರ್ಪಾಡು ಇಲ್ಲವೆಂದುಕೊಳ್ಳಿ. ಮೇಲೆ ಜಾಗ ಮುಗಿದ ಮೇಲೂ ಪ್ರತಿ ಕಾರೂ ಗುಡಿಯ ಹತ್ತಿರವೇ ನಿಲ್ಲಬೇಕೆಂದು ಹಟ ಹಿಡಿದರೆ, ಅಲ್ಲಿ ಮೊದಲೇ ನಿಂತ ಕಾರನ್ನು ನಂಜನಗೂಡಿಗೆ ಓಡಿಸಬೇಕಾಗುತ್ತದೆ. ಕೆಳಗಿನ ಮೈದಾನ ಖಾಲಿ ಬಿದ್ದಿರುತ್ತದೆ! ಮೈದಾನದಿಂದ ಮೇಲೆ ಬರಲು ಕೊಂಚ ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ನಂಜನಗೂಡಿನಿಂದ ಬರುವುದಕ್ಕೆ ಅದನ್ನು ಹೋಲಿಸಲಾದೀತೇ? ಆಚೆ ನೋಡಿನ ರ್‍ಯಾಮಿಗೂ ಡಿಸ್ಕಿಗೂ ಇರುವ ಅಂತರ ಇನ್ನೂ ದೊಡ್ಡದು, ನೂರಾರು ಪಟ್ಟಿನಿಂದ ಸಾವಿರಾರು ಪಟ್ಟು.

2010ರಲ್ಲಿ ಜೆರೆಮಿ ಕೋಲ್ ಎಂಬ ಮೈಎಸ್‌ಕ್ಯೂಎಲ್ ಪರಿಣತರು ಈ ರೋಗದ ಮೂಲವನ್ನು ಬಿಡಿಸಿ ಬರೆದರು. ಅವರು ಹೇಳಿದ ಮದ್ದು ಸರಳ: ಇಂಟರ್‌ಲೀವ್, ಅಂದರೆ ಪುಟಗಳನ್ನು ಎರಡೂ ನೋಡ್‌ಗಳಿಗೆ ಸಮನಾಗಿ ಹಂಚುವುದು. 2015ರಲ್ಲಿ ಮೈಎಸ್‌ಕ್ಯೂಎಲ್ ಒಳಗೇ ಅದಕ್ಕೊಂದು ಆಯ್ಕೆ ಬಂತು, 2024ರ 8.4ರಲ್ಲಿ ಅದೇ ರೂಢಿಯ ಸ್ಥಿತಿಯಾಯಿತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನವರನ್ನು ಕಾಡಿದ್ದು ಇದರ ಸೋದರ ರೋಗ. ನೋಡ್ ತುಂಬಿದರೆ ಆಚೆ ಹೋಗದೆ ಅಲ್ಲಿನ ಫೈಲ್ ಕ್ಯಾಶನ್ನೇ ಹೊರಹಾಕುವ ಜೋನ್ ರಿಕ್ಲೇಮ್ ಎಂಬ ಪದ್ಧತಿ ಕರ್ನಲ್‌ನಲ್ಲಿತ್ತು. ಪೋಸ್ಟ್‌ಗ್ರೆಸ್ ನೆಚ್ಚಿಕೊಂಡಿರುವುದೇ ಆ ಕ್ಯಾಶನ್ನು. 2014ರ ಲಿನಕ್ಸ್ 3.16ರಿಂದ ಆ ಪದ್ಧತಿ ತಾನಾಗಿ ಚಾಲ್ತಿಗೆ ಬರುವುದು ನಿಂತಿತು.

ದೂರದ ಈ ನೋವು ಡೇಟಾಬೇಸಿಗೇ ಏಕೆ ಇಷ್ಟು? ಉದ್ದನೆಯ ಪಟ್ಟಿಯನ್ನು ಸಾಲಾಗಿ ಓದುವ ಪ್ರೋಗ್ರಾಮಾದರೆ ಮುಂದೆ ಏನು ಬೇಕೆಂದು ಪ್ರೊಸೆಸರ್ ಊಹಿಸಿ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಇಂಡೆಕ್ಸಿನಲ್ಲಿ ಹಾಗಾಗದು. ಬೇರಿನ ಪುಟ ಓದಿದ ಮೇಲೆಯೇ ಕೊಂಬೆಯ ವಿಳಾಸ ಗೊತ್ತಾಗುತ್ತದೆ, ಕೊಂಬೆಯನ್ನು ಓದಿದ ಮೇಲೆಯೇ ಎಲೆಯದು. ಒಂದೊಂದು ಹೆಜ್ಜೆಗೂ ಕಾಯಬೇಕು, ಆಚೆ ಬದಿಯಲ್ಲಿದ್ದರೆ ಒಂದೊಂದು ಹೆಜ್ಜೆಗೂ ಒಂದೂವರೆ ಪಟ್ಟು ಕಾಯಬೇಕು. ಲಾಕ್‌ಗಳದು ಇನ್ನೂ ಕಷ್ಟ. ಒಂದೇ ಲಾಕಿಗಾಗಿ ಎರಡೂ ಸಾಕೆಟ್ಟಿನ ಕೋರ್‌ಗಳು ಪೈಪೋಟಿಗೆ ಬಿದ್ದರೆ, 64 ಬೈಟಿನ ಒಂದು ತುಣುಕು ಆ ಕಡೆಗೂ ಈ ಕಡೆಗೂ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ. ಅದಕ್ಕೇ ಇಂಟರ್‌ಲೀವ್ ಪೂರ್ತಿ ಗುಣಪಡಿಸುವ ಮದ್ದಲ್ಲ. ಸ್ವಾಪನ್ನು ತಪ್ಪಿಸುತ್ತದೆ, ಆದರೆ ಎಲ್ಲರ ಓದಿನಲ್ಲೂ ಅರ್ಧದಷ್ಟು ಆಚೆ ಬದಿಯದೇ ಆಗುತ್ತದೆ. ದತ್ತಾಂಶ ಇರುವ ಕಡೆಗೆ ಕೆಲಸವನ್ನು ಒಯ್ಯುವುದೇ ಉತ್ತಮ ದಾರಿ. ಎಸ್‌ಕ್ಯೂಎಲ್ ಸರ್ವರ್ 2005ರಲ್ಲೇ ನೋಡ್‌ಗಳನ್ನು ಗುರುತಿಸಿ, ಪುಟ ತೆರವುಗೊಳಿಸುವ ಥ್ರೆಡ್ಡನ್ನು ನೋಡಿಗೊಂದರಂತೆ ಇಟ್ಟಿತು.

ದೂರದ ವ್ಯತ್ಯಾಸವೇ ಇಲ್ಲದ ಕಾಲವೂ ಇತ್ತು, ಅದರ ಕೊನೆಯ ಘಟ್ಟದಲ್ಲಿ ನಮ್ಮ ನಾಡಿನ ಪಾಲೂ ಇದೆ. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಜಿಯಾನ್ 7400, ‘ಡನಿಂಗ್‌ಟನ್’, ಬೆಂಗಳೂರಿನ ತಂಡ ವಿನ್ಯಾಸ ಮಾಡಿದ ಪ್ರೊಸೆಸರ್. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಅದರ ಸರ್ವರುಗಳಲ್ಲಿ ಮೆಮೊರಿಯ ಉಸ್ತುವಾರಿ ಪ್ರೊಸೆಸರಿನ ಹೊರಗೆ, ಒಂದೇ ಚಿಪ್‌ಸೆಟ್ಟಿನಲ್ಲಿತ್ತು. ನಾಲ್ಕು ಸಾಕೆಟ್ಟಿಗೂ ಎಲ್ಲ ರ್‍ಯಾಮೂ ಒಂದೇ ದೂರ. ಕೋರ್‌ಗಳು ಹೆಚ್ಚಿದಂತೆ ಆ ಒಂದೇ ಬಾಗಿಲಲ್ಲಿ ನೂಕುನುಗ್ಗಲು ಶುರುವಾಯಿತು. ಎಎಂಡಿ ತನ್ನ ಆಪ್ಟೆರಾನ್‌ನಲ್ಲಿ 2003ರಲ್ಲೇ ಉಸ್ತುವಾರಿಯನ್ನು ಪ್ರೊಸೆಸರಿನ ಒಳಗೆ ತಂದಿತ್ತು, 2009ರ ಜಿಯಾನ್ 5500ರಲ್ಲಿ ಇಂಟೆಲ್ಲೂ ಅದೇ ದಾರಿ ಹಿಡಿಯಿತು. ಸಮಾನ ದೂರವನ್ನು ಬಿಟ್ಟುಕೊಟ್ಟು ಹೆಚ್ಚು ಜನರಿಗೆ ಹತ್ತಿರವಾಗುವ ದಾರಿಯನ್ನು ಎಂಜಿನಿಯರುಗಳು ಆರಿಸಿಕೊಂಡರು. ಸರಿಯಾದ ಆಯ್ಕೆಯೇ. ಅದರ ಜೊತೆಗೆ, ಯಾವುದು ಎಲ್ಲಿದೆ ಎಂದು ತಿಳಿದಿರಬೇಕಾದ ಹೊಣೆ ಡೇಟಾಬೇಸ್ ಬರೆಯುವವರ, ನಡೆಸುವವರ ಹೆಗಲಿಗೆ ಬಂತು.

ಆ ಹೊಣೆ ದಿನೇ ದಿನೇ ಹೆಚ್ಚುತ್ತಿದೆ. 2017ರಲ್ಲಿ ಬಂದ ಎಎಂಡಿಯ ಮೊದಲ ಎಪಿಕ್ ಪ್ರೊಸೆಸರಿನಲ್ಲಿ ಒಂದೇ ಸಾಕೆಟ್ಟಿನೊಳಗೆ ನಾಲ್ಕು ನೋಡ್‌ಗಳಿದ್ದವು. ಸಿಎಕ್ಸ್‌ಎಲ್ ಎಂಬ ಕೊಂಡಿಯ ಮೂಲಕ ಜೋಡಿಸುವ ಮೆಮೊರಿ ಲಿನಕ್ಸ್‌ಗೆ ಪ್ರೊಸೆಸರೇ ಇಲ್ಲದ, ಇನ್ನೂ ದೂರದ ನೋಡಾಗಿ ಕಾಣುತ್ತದೆ. ಉಪಕರಣಗಳೂ ಜೊತೆಗೇ ಬೆಳೆಯುತ್ತಿರುವುದು ಸಂತೋಷದ ಸಂಗತಿ. 2025ರ ಪೋಸ್ಟ್‌ಗ್ರೆಸ್ 18ರಲ್ಲಿ ಯಾವ ಬಫರ್ ಯಾವ ನೋಡಿನಲ್ಲಿದೆ ಎಂಬುದನ್ನು ಒಂದು ಕ್ವೆರಿಯಲ್ಲೇ ಕೇಳಬಹುದು.

ತರಗತಿಯ ಕಪ್ಪುಹಲಗೆಯ ಮೇಲೆ ಮಾತ್ರ ಮೆಮೊರಿ ಎಂದರೆ ಇಂದಿಗೂ ಒಂದೇ ಉದ್ದನೆಯ ಆಯತ, ಮೇಲಿಂದ ಕೆಳಗಿನವರೆಗೆ ಎಲ್ಲ ಮನೆಗಳೂ ಸಮಾನ. ಆ ಚಿತ್ರ ಕಲಿತು ಬಂದ ಹುಡುಗ ‘15 ಜಿಬಿ ಖಾಲಿ ಇದೆ’ ಎಂದು ನೆಮ್ಮದಿಯಾಗಿದ್ದರೆ ತಪ್ಪು ಅವನದಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಪ್ರೀತಿಯ ಕೋರಿಕೆ: ಆ ಆಯತವನ್ನು ಎರಡಾಗಿ ಬರೆಯಿರಿ, ನಡುವೆ ಒಂದು ಗೆರೆ ಎಳೆದು ಅದರ ಮೇಲೆ ದೂರವನ್ನು ನಮೂದಿಸಿ. ಉಳಿದದ್ದನ್ನು ಮಕ್ಕಳೇ ಕೇಳಿ ತಿಳಿದುಕೊಳ್ಳುತ್ತಾರೆ.