ನಾಲ್ಕು ಫೈನಲ್, ಒಂದು ಕಪ್

2023ರ ಮಾರ್ಚ್ 18, ಶನಿವಾರ. ಆ ವಾರ ನಮ್ಮ ಹೊಲದ ಕಡೆ ಕರೆಂಟಿಗೆ ರಾತ್ರಿ ಪಾಳಿ. ತ್ರೀಫೇಸ್ ಬರುವುದು ರಾತ್ರಿಯಾದರೆ ಕಬ್ಬಿಗೆ ನೀರು ಬಿಡುವುದೂ ರಾತ್ರಿಯೇ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೆ ಮೊಬೈಲ್ ಆನಿಸಿಟ್ಟು, ಸಲಿಕೆ ಹಿಡಿದು ಸಾಲಿನಿಂದ ಸಾಲಿಗೆ ನೀರು ತಿರುವುತ್ತ, ನಡುನಡುವೆ ಓಡಿ ಬಂದು ನೋಡುತ್ತಿದ್ದೆ. ಗೋವಾದ ಫತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್ಬಾಲ್ ಫೈನಲ್. ನಮ್ಮ ಬೆಂಗಳೂರು ಎಫ್‌ಸಿ, ಎದುರಿಗೆ ಎಟಿಕೆ ಮೋಹನ್ ಬಗಾನ್.

78ನೇ ನಿಮಿಷಕ್ಕೆ ರಾಯ್ ಕೃಷ್ಣ ಗೋಲು ಹೊಡೆದಾಗ ನಾವು 2-1. ಇನ್ನು ಹನ್ನೆರಡು ನಿಮಿಷ ತಡೆದರೆ ಕಪ್ಪು ನಮ್ಮದು. 85ನೇ ನಿಮಿಷಕ್ಕೆ ಅವರಿಗೆ ಪೆನಾಲ್ಟಿ ಸಿಕ್ಕಿತು. ದಿಮಿತ್ರಿ ಪೆಟ್ರಾಟೋಸ್ ಒದ್ದ, 2-2. ಹೆಚ್ಚುವರಿ ಸಮಯದಲ್ಲೂ ಯಾರೂ ಗೆಲ್ಲಲಿಲ್ಲ. ಪೆನಾಲ್ಟಿ ಶೂಟೌಟ್ ಶುರುವಾದ ಮೇಲೆ ನಾನು ಸ್ಟಾರ್ಟರ್ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ನಮ್ಮ ಒಂದು ಒದೆತವನ್ನು ಅವರ ಗೋಲ್‌ಕೀಪರ್ ವಿಶಾಲ್ ಕೈತ್ ಹಿಡಿದ. ಇನ್ನೊಂದು ಗೋಲಿನ ಮೇಲೆ ಹಾದು ಹೋಯಿತು. 4-3. ಅಷ್ಟರಲ್ಲಿ ಕಾಲಿಗೆ ತಣ್ಣಗೆ ಏನೋ ತಾಗಿತು. ನೋಡಿದರೆ ನೀರು. ತುಂಬಿದ ಸಾಲು ಬೋದು ಒಡೆದು ಪಕ್ಕದವರ ಕಡಲೆ ಕಣಕ್ಕೆ ನುಗ್ಗಿತ್ತು. ಅವರು ಒಕ್ಕಣೆಗೆ ಹಾಕಿದ್ದ ಕಡಲೆ ಗಿಡದ ಅಂಚು ನೆಂದಿತ್ತು. ಕೈಯಿಂದಲೇ ಮಣ್ಣು ತೋಡಿ ಬೋದು ಕಟ್ಟಿದೆ. ಬೆಳಿಗ್ಗೆ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಆ ಹಿರಿಯರು, “ಕಡಲಿ ಒಣಗತಾವ ಬಿಡೋ. ನಿನ್ನ ಮಾರಿ ಯಾಕ ಹಿಂಗ ಆಗೇದ?” ಅಂದರು. ಉತ್ತರ ಹೇಳಲು ಬಾಯಿ ಬರಲಿಲ್ಲ.

ನಮ್ಮೂರು ಕುರನೂರ. ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕು. ನಳದುರ್ಗದ ಕೋಟೆಯನ್ನು ಸುತ್ತಿ ಬರುವ ಬೋರಿ ನದಿಗೆ ನಮ್ಮಲ್ಲಿ ಅಣೆಕಟ್ಟಿದೆ. ಅದರಿಂದಲೇ ನಮ್ಮೂರ ಹೆಸರು ಹೊರಗಿನವರಿಗೆ ಗೊತ್ತು. ಇಲ್ಲಿ ಆಟವೆಂದರೆ ಕುಸ್ತಿ, ಕಬಡ್ಡಿ, ಟೆನಿಸ್ ಬಾಲಿನ ಕ್ರಿಕೆಟ್. ಮಹಾರಾಷ್ಟ್ರದಲ್ಲಿ ಫುಟ್ಬಾಲಿಗೆ ಪ್ರಾಣ ಬಿಡುವ ಊರು ಕೊಲ್ಹಾಪುರ, ಸೊಲ್ಲಾಪುರವಲ್ಲ. ನನಗೆ ಈ ಗೀಳು ಹತ್ತಿದ್ದು ಬೆಂಗಳೂರಿನಲ್ಲಿ. ಐಟಿಐ ಫಿಟರ್ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಸೀಸನ್ನಿನ ಪಂದ್ಯಗಳು ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ. ರೂಮಿನ ಗೆಳೆಯ ಕರೆದನೆಂದು ಹೋದೆ. ಆ ತಂಡ ಮೊದಲ ವರ್ಷವೇ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್ ಗೆದ್ದಿತು.

ಪುಣೆಗೆ ತಂಡವಿತ್ತು, ಮುಂಬೈಗೆ ಇದೆ, ನೀನು ಯಾಕೆ ಬೆಂಗಳೂರಿನವರ ಕಡೆ ಎಂದು ಊರಲ್ಲಿ ಕೇಳುತ್ತಾರೆ. ಬೆಂಗಳೂರಿನಲ್ಲಿ ನನ್ನ ಮಾತು ಕೇಳಿದವರು “ನೀವು ಮಹಾರಾಷ್ಟ್ರದವರಾ?” ಅನ್ನುತ್ತಿದ್ದರು. ಊರಿಗೆ ಬಂದರೆ ನಾನು “ಬೆಂಗಳೂರಾಂವ”. ಸ್ಟೇಡಿಯಂನ ಪಶ್ಚಿಮದ ಕಟ್ಟೆಯ ಮೇಲೆ, ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ನಡುವೆ ನಿಂತು ಕೂಗುವಾಗ ಮಾತ್ರ ನನ್ನನ್ನು ಯಾರೂ ಎಲ್ಲಿಯವನೆಂದು ಕೇಳಲಿಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಕರ್ನಾಟಕಕ್ಕೆ ಸೇರಲೆಂದು 1967ರ ಮಹಾಜನ ವರದಿ ಹೇಳಿತ್ತು. ಅದು ವರದಿಯಲ್ಲೇ ಉಳಿಯಿತು. ನಾನಂತೂ ಆ ಕಟ್ಟೆಯ ಮೇಲೆ ಸೇರಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು 2015ರ ಮೇ 31ರಂದು. ಐ-ಲೀಗಿನ ಕೊನೆಯ ದಿನ, ಕಂಠೀರವದಲ್ಲಿ ಮೋಹನ್ ಬಗಾನ್ ಎದುರು. ನಾವು ಗೆದ್ದರೆ ಕಪ್ಪು ನಮಗೆ, ಸಮ ಆದರೂ ಅವರಿಗೆ. 41ನೇ ನಿಮಿಷಕ್ಕೆ ಜಾನ್ ಜಾನ್ಸನ್ ಗೋಲು ಹೊಡೆದ. ಮಳೆ ಸುರಿಯಿತು. ಅಂಗಿ ಮೈಗೆ ಅಂಟಿತ್ತು, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. 87ನೇ ನಿಮಿಷಕ್ಕೆ ಅವರಿಗೊಂದು ಕಾರ್ನರ್. ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆ ಜಿಗಿದು ತಲೆ ಕೊಟ್ಟ. ಸ್ಟೇಡಿಯಂ ಹೇಗೆ ಸುಮ್ಮನಾಯಿತೆಂದರೆ, ತಗಡಿನ ಮೇಲೆ ಹನಿ ಬೀಳುವ ಸದ್ದು ಕೇಳಿಸಿತು. ಬಗಾನ್‌ಗೆ ಅದು ಹದಿಮೂರು ವರ್ಷಗಳ ನಂತರದ ಲೀಗ್ ಕಪ್. ಅವರ ಖುಷಿ ನೋಡಿ ನನಗೆ ಸಿಟ್ಟು ಬರಲಿಲ್ಲ, ಕಾಲು ಸೋತವು. ಮೆಜೆಸ್ಟಿಕ್ಕಿನವರೆಗೆ ನಡೆದೇ ಹೋದೆ. ಕಾರ್ನರ್ ಬಿತ್ತೆಂದರೆ ಹೊಟ್ಟೆ ಹಿಂಡುವುದು ನನಗೆ ಅಂದಿನಿಂದ.

2018ರದ್ದು ಇದಕ್ಕಿಂತ ಕೆಟ್ಟದ್ದು. ಏಕೆಂದರೆ ಆ ವರ್ಷ ನಾವೇ ಎಲ್ಲರಿಗಿಂತ ಒಳ್ಳೆಯ ತಂಡ, ಮತ್ತು ಅದನ್ನು ಪಂದ್ಯ ಪಂದ್ಯಕ್ಕೂ ತೋರಿಸಿದ್ದೆವು. ಐಎಸ್‌ಎಲ್‌ಗೆ ಬಂದ ಮೊದಲ ವರ್ಷ ಅದು. ಆಲ್ಬರ್ಟ್ ರೋಕಾ ಕೋಚ್. ಲೀಗಿನ 18 ಪಂದ್ಯಗಳಿಂದ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಮಿಕು 15 ಗೋಲು, ಸುನಿಲ್ ಛೆಟ್ರಿ 14. ಸೆಮಿಫೈನಲ್ಲಿನಲ್ಲಿ ಪುಣೆ ತಂಡದ ಮೇಲೆ ಛೆಟ್ರಿ ಹ್ಯಾಟ್ರಿಕ್ ಹೊಡೆದ ದಿನ ಊರಿಗೆ ಫೋನ್ ಮಾಡಿ ತಮ್ಮನ ಹತ್ತಿರ ಅರ್ಧ ತಾಸು ಮಾತಾಡಿದ್ದೆ.

ಫೈನಲ್ ಮಾರ್ಚ್ 17ಕ್ಕೆ, ಕಂಠೀರವದಲ್ಲೇ. ಮರುದಿನ ಯುಗಾದಿ. ಪಂದ್ಯ ಮುಗಿಸಿ ರಾತ್ರಿ ಬಸ್ಸಿಗೆ ಊರು ಸೇರುವ ಲೆಕ್ಕ ಹಾಕಿ, ಬಟ್ಟೆಯ ಚೀಲವನ್ನು ಕಾಲ ನಡುವೆ ಇಟ್ಟುಕೊಂಡೇ ನಿಂತಿದ್ದೆ. 9ನೇ ನಿಮಿಷಕ್ಕೆ ಛೆಟ್ರಿಯ ಗೋಲು. 17ಕ್ಕೆ ಕಾರ್ನರ್, ಮೈಲ್ಸನ್ ಆಲ್ವೆಸ್‌ನ ಹೆಡರ್. ಮಧ್ಯಂತರಕ್ಕೆ ಮುಂಚೆ ಮತ್ತೊಂದು ಕಾರ್ನರ್, ಮತ್ತೆ ಅದೇ ಮೈಲ್ಸನ್, ಮತ್ತೆ ತಲೆ. ಎರಡನೇ ಸಲ ಚೆಂಡು ಗಾಳಿಯಲ್ಲಿದ್ದಾಗಲೇ ನಾನು ಕಣ್ಣು ಮುಚ್ಚಿದ್ದೆ. ಕೊನೆಗೆ 2-3. ಬಸ್ಸಿನಲ್ಲಿ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡೇ ಇದ್ದೆ. ಊರು ಮುಟ್ಟುವಾಗ ಮಧ್ಯಾಹ್ನ. ಮನೆ ಮನೆಯ ಮೇಲೆ ಗುಡಿ ಏರಿತ್ತು. ಅವ್ವ ನನ್ನ ಪಾಲಿನ ಬೇವು ಬೆಲ್ಲವನ್ನು ಬಟ್ಟಲಲ್ಲಿ ಮುಚ್ಚಿಟ್ಟಿದ್ದಳು. ತಿಂದು, ಕೌದಿ ಹೊದ್ದು ಮಲಗಿದೆ. ಹಬ್ಬದ ದಿನ ಮಗ ಹೀಗೆ ಮಲಗಿದ್ದಕ್ಕೆ ಅವಳು ಜ್ವರವೆಂದು ತಿಳಿದು ಹಣೆ ಮುಟ್ಟಿ ಮುಟ್ಟಿ ನೋಡಿದಳು.

ಇದು ಅನ್ಯಾಯ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಚೆನ್ನೈಯಿನ್‌ಗಲ್ಲ ಆ ಮಾತು. ಅವರು ಆ ದಿನ ಚೆನ್ನಾಗಿ ಆಡಿದರು. ನನ್ನ ತಕರಾರು ಪದ್ಧತಿಯ ಮೇಲೆ. ತಿಂಗಳುಗಟ್ಟಲೆ ಆಡಿ, ಊರೂರು ತಿರುಗಿ, ಎಂಟು ಅಂಕ ಮುಂದೆ ನಿಂತ ತಂಡಕ್ಕೆ ಆ ವರ್ಷ ಕೈಯಲ್ಲಿ ಹಿಡಿಯಲು ಒಂದು ತಟ್ಟೆಯೂ ಇರಲಿಲ್ಲ. ಲೀಗಿನಲ್ಲಿ ಮೊದಲು ನಿಂತವರಿಗೆ ಶೀಲ್ಡ್ ಕೊಡುವ ಪದ್ಧತಿ ಬಂದದ್ದು 2019-20ರಲ್ಲಿ. ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಡೀ ವರ್ಷದ ಬೆಳೆಯನ್ನು ರಾಶಿಯ ದಿನದ ಒಂದು ಮಳೆ ತೀರ್ಮಾನ ಮಾಡುತ್ತದೆ. ಮಳೆ ದೇವರ ಕೈಯಲ್ಲಿದೆ, ನಿಯಮ ಮನುಷ್ಯರ ಕೈಯಲ್ಲಿತ್ತು.

ಗೆದ್ದದ್ದು ಮರುವರ್ಷ. 2019ರ ಮಾರ್ಚ್ 17, ಮುಂಬೈ, ಎಫ್‌ಸಿ ಗೋವಾ ಎದುರು 1-0. ಹೆಚ್ಚುವರಿ ಸಮಯದ 117ನೇ ನಿಮಿಷ, ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. ಸೊಲ್ಲಾಪುರದಿಂದ ಮುಂಬೈಗೆ ಒಂದೇ ರಾತ್ರಿಯ ರೈಲು, ಸಿದ್ಧೇಶ್ವರ ಎಕ್ಸ್‌ಪ್ರೆಸ್. ಹೋಗಬೇಕೆಂದು ರಜೆಯನ್ನೂ ತೆಗೆದುಕೊಂಡಿದ್ದೆ. ಆದರೆ ಆ ವಾರ ಅಪ್ಪನ ಆಪರೇಷನ್. ಸೊಲ್ಲಾಪುರದ ಆಸ್ಪತ್ರೆಯ ವರಾಂಡದಲ್ಲಿ, ರೋಗಿಗಳ ಕಡೆಯವರು ಮಲಗುವ ಸಾಲಿನಲ್ಲಿ ನಾನೂ ಚಾಪೆ ಹಾಸಿದ್ದೆ. ಬೆಂಗಳೂರಿನ ಗೆಳೆಯ ಬರೀ “ಭೇಕೆ ಭೇಕೆ ಭೇಕೆ” ಎಂದು ಮೆಸೇಜ್ ಹಾಕಿದ. ಎದ್ದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ನಿಂತು, ಯಾರಿಗೂ ಕೇಳದಂತೆ ಅತ್ತೆ. ಆ ಗೋಲನ್ನು ಆಮೇಲೆ ಎಷ್ಟು ಸಲ ನೋಡಿದ್ದೇನೋ. ಆದರೂ ಅದು ನಡೆಯುವಾಗ ನೋಡಲಿಲ್ಲ ಎಂಬ ಕೊರಗು ಹೋಗಿಲ್ಲ.

ಆ ಗೆಲುವು ಹೇಗೆ ಬಂತೆಂಬುದನ್ನು ನಾನು ತುಂಬ ಯೋಚಿಸಿದ್ದೇನೆ. ರೋಕಾ ಹೋದ ಮೇಲೆ ಕ್ಲಬ್ಬು ಹೊರಗಿನವರನ್ನು ಹುಡುಕಲಿಲ್ಲ. ಅವರ ಸಹಾಯಕನಾಗಿದ್ದ ಕಾರ್ಲೆಸ್ ಕ್ವಾದ್ರತ್ ಕೈಗೆ ತಂಡ ಕೊಟ್ಟಿತು. ಛೆಟ್ರಿ, ಮಿಕು, ಪಾರ್ತಾಲು, ದಿಮಾಸ್, ಹುವಾನನ್, ಗುರ್‌ಪ್ರೀತ್, ಉದಾಂತ, ಭೇಕೆ, ಇವರೆಲ್ಲ ಸೋತ ಫೈನಲ್ಲಿನವರೇ. ಸೋತವರನ್ನು ಒಡೆಯಲಿಲ್ಲ, ಇನ್ನೊಂದು ವರ್ಷ ಕೊಟ್ಟರು. ತಂಡ ಕಟ್ಟುವುದೆಂದರೆ ನನ್ನ ಮಟ್ಟಿಗೆ ಇದು. ಮುಂದೆ ಮಿಕು ಹೋದ, ಅವನ ಜಾಗಕ್ಕೆ ಅವನಂಥವನು ಬರಲಿಲ್ಲ, ಗೋಲು ಬತ್ತಿತು. 2021ರ ಜನವರಿಯಲ್ಲಿ, ಸೀಸನ್ನಿನ ನಡುವೆಯೇ ಕ್ವಾದ್ರತ್ ಹೊರಟರು. ಆ ವರ್ಷ 7ನೇ ಸ್ಥಾನ, ಮರುವರ್ಷ 6. ಸೈಮನ್ ಗ್ರೇಸನ್ ಬಂದ ಮೇಲೆ ಡುರಾಂಡ್ ಕಪ್ ಗೆದ್ದೆವು, ಲೀಗಿನ ಕೊನೆಗೆ ಸತತ 8 ಪಂದ್ಯ ಗೆದ್ದು ನಾನು ಹೊಲದಲ್ಲಿ ನಿಂತು ನೋಡಿದ ಆ ಫೈನಲ್ ತಲುಪಿದೆವು. ಒಂಬತ್ತು ತಿಂಗಳಾಗುವುದರೊಳಗೆ ಅವರನ್ನೂ ಕಳಿಸಿದರು. ಆ ಸೀಸನ್ 10ನೇ ಸ್ಥಾನಕ್ಕೆ ಬಿದ್ದೆವು. ಆಗ ಬಂದವರು ಜೆರಾರ್ಡ್ ಸರಗೋಸಾ, 2019ರಲ್ಲಿ ಕ್ವಾದ್ರತ್‌ಗೆ ಸಹಾಯಕರಾಗಿದ್ದವರು. ಮನೆಯ ಮೂಲೆ ಮೂಲೆ ಗೊತ್ತಿದ್ದ ಮನುಷ್ಯ. ಮರುವರ್ಷವೇ ತಂಡ ಎದ್ದು ನಿಂತಿತು. ಆ ಸೀಸನ್ನಿನ ಮೊದಲ ಪಂದ್ಯದಲ್ಲಿ, 2024ರ ಸೆಪ್ಟೆಂಬರಿನಲ್ಲಿ, ಈಸ್ಟ್ ಬೆಂಗಾಲ್ ಮೇಲೆ ಗೆಲುವಿನ ಗೋಲು ಹೊಡೆದವನು ಬೆಂಗಳೂರಿನದೇ ಹುಡುಗ ವಿನೀತ್ ವೆಂಕಟೇಶ್, ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವನು.

2025ರ ಏಪ್ರಿಲ್ 12ಕ್ಕೆ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್, ಎದುರಿಗೆ ಮತ್ತೆ ಮೋಹನ್ ಬಗಾನ್. ಆ ದಿನ ಹನುಮಾನ್ ಜಯಂತಿ. ಊರ ಗುಡಿಯಲ್ಲಿ ಭಜನೆ ನಡೆದಿತ್ತು. ಪ್ರಸಾದದ ಪಂಗ್ತಿಗೆ ಬಡಿಸಿ ಬಂದು, ಗುಡಿಯ ಹಿಂದಿನ ಕಟ್ಟೆಯ ಮೇಲೆ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಅವನಿಗೆ ಒಂಬತ್ತು ವರ್ಷ. 49ನೇ ನಿಮಿಷಕ್ಕೆ ಅವರ ಆಟಗಾರನ ಕಾಲಿಗೇ ತಾಗಿ ನಮಗೊಂದು ಗೋಲು ಬಂದಾಗ ಅವನು ಕುಣಿದ. ನಾನು ಕುಣಿಯಲಿಲ್ಲ. 72ಕ್ಕೆ ಪೆನಾಲ್ಟಿ, ಕಮಿಂಗ್ಸ್. ಹೆಚ್ಚುವರಿ ಸಮಯದ 96ನೇ ನಿಮಿಷಕ್ಕೆ ಜೇಮಿ ಮ್ಯಾಕ್ಲಾರೆನ್. 1-2. ನಲವತ್ತು ವರ್ಷದ ಛೆಟ್ರಿ ಆ ಸೀಸನ್ 14 ಗೋಲು ಹೊಡೆದಿದ್ದ. ಮೈದಾನದ ನಡುವೆ ಅವನು ಸುಮ್ಮನೆ ನಿಂತದ್ದನ್ನು ಮಗ ಬೆರಳಿಟ್ಟು ತೋರಿಸಿ, “ಅಪ್ಪಾ, ಅವರು ಮೋಸದಿಂದ ಗೆದ್ದರೇನು?” ಎಂದು ಕೇಳಿದ.

ಅಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ವರ್ಷ ಲೀಗಿನ 24 ಪಂದ್ಯಗಳಿಂದ ಬಗಾನ್‌ಗೆ 56 ಅಂಕ, ನಮಗೆ 38. ಹದಿನೆಂಟು ಅಂಕದ ಅಂತರ. 2018ರಲ್ಲಿ ಲೀಗಿನ ಅಂಕವೇ ನಿಜವೆಂದು ಎದೆ ತಟ್ಟಿಕೊಂಡು ಹೇಳಿದವನು 2025ರಲ್ಲಿ ಬೇರೆ ಮಾತಾಡಲು ಬರುವುದಿಲ್ಲ. 2023ರಲ್ಲೂ ಹಾಗೇ. ಲೀಗಿನಲ್ಲಿ ನಮಗಿಂತ ಎಷ್ಟೋ ಮುಂದಿದ್ದ ಮುಂಬೈಯನ್ನು ಸೆಮಿಫೈನಲ್ಲಿನಲ್ಲಿ ಪೆನಾಲ್ಟಿ ಮೇಲೆ, 9-8ಕ್ಕೆ, ಹೊರಗೆ ಕಳಿಸಿದ್ದು ನಾವೇ. ಆಗ ನಾನು ಪದ್ಧತಿಯ ಮಾತು ಎತ್ತಿರಲಿಲ್ಲ. ಎತ್ತಬೇಕಿತ್ತು. “ಇಲ್ಲಪ್ಪ, ಅವರು ವರ್ಷಾನೂ ಛಲೋ ಆಡ್ಯಾರ” ಎಂದು ಮಗನಿಗೆ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ತೊಡೆಯ ಮೇಲೆಯೇ ನಿದ್ದೆ ಹೋದ.

ಈಗ ನಾನು ಊರಲ್ಲೇ ಇದ್ದೇನೆ. ಸಂಜೆ ಶಾಲೆಯ ಬಯಲಿನಲ್ಲಿ ಹುಡುಗರಿಗೆ ಚೆಂಡು ಒದೆಯಲು ಹೇಳಿಕೊಡುತ್ತೇನೆ. ಒಂದೇ ಚೆಂಡು, ಸೊಲ್ಲಾಪುರದಿಂದ ತಂದದ್ದು, ಹೊಲಿಗೆ ಎರಡು ಸಲ ಬಿಟ್ಟಿದೆ. ಗೋಲಿಗೆ ಕಬ್ಬಿನ ಗಣೆ ನೆಟ್ಟಿದ್ದೇವೆ. ಕಾರ್ನರಿಗೆ ಯಾರು ಯಾರ ಬೆನ್ನಿಗೆ ನಿಲ್ಲಬೇಕು ಎಂಬುದನ್ನು ಮೊದಲ ವಾರದಿಂದಲೇ ಕಲಿಸಿದ್ದೇನೆ. ಬೆಂಗಳೂರು ಎಫ್‌ಸಿಯ ಅಕಾಡೆಮಿ ಬಳ್ಳಾರಿ ಕಡೆಯ ವಿಜಯನಗರದಲ್ಲಿದೆ. ಎಳೆಯರನ್ನು ಹುಡುಕಲು ಹೊರಡುವವರು ಒಮ್ಮೆ ಗಡಿ ದಾಟಿ ನಮ್ಮ ಕಡೆಗೂ ಬರಲಿ. ಸಂಜೆ ಐದಕ್ಕೆ ಬಂದರೆ ಹದಿನಾಲ್ಕು ಹುಡುಗರು ಬಯಲಿನಲ್ಲೇ ಸಿಗುತ್ತಾರೆ.