ಅಕ್ಕನ ಮಗನ ಕಾರು

ವಿಮರ್ಶೆಯನ್ನು ನಂಬಿ ಪುಸ್ತಕ ಕೊಂಡು ಮೋಸಹೋದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬ. ಆದರೆ ಪುಸ್ತಕದಿಂದಾಗುವ ನಷ್ಟ ಇನ್ನೂರೋ ಮುನ್ನೂರೋ ರೂಪಾಯಿ. ಮಲಗುವಾಗ ದಿಂಬಿಗೆ ಎತ್ತರ ಕೊಡುವುದಕ್ಕಾದರೂ ಅದು ಉಪಯೋಗಕ್ಕೆ ಬರುತ್ತದೆ. ವಿಮರ್ಶೆ ಓದಿ ಕಾರು ಕೊಳ್ಳುವವರ ಪಾಡೇನು ಎಂಬುದು ನನಗೆ ತಿಳಿದದ್ದು ಅಕ್ಕನ ಮಗ ಕಾರು ಕೊಂಡಾಗ. ಅದಕ್ಕಿಂತ ಹೆಚ್ಚಾಗಿ, ಪರರ ಕಾರಿನ ವಿಷಯದಲ್ಲಿ ಬಾಯಿ ಹಾಕಿದವನ ಪಾಡೇನು ಎಂಬುದೂ ಆಗಲೇ ತಿಳಿಯಿತು.

ನಾನು ಮೂಡಿಗೆರೆಯಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಾರುಗಳ ಬಗ್ಗೆ ನನಗಿರುವ ಜ್ಞಾನವೆಲ್ಲ ಸಾಲದ ಅರ್ಜಿಗಳನ್ನು ಓದಿ ಬಂದದ್ದು. ಅಕ್ಕನ ಮನೆಯಿರುವುದು ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಂದೂವರೆ ಮೈಲಿ ಒಳಗೆ. ಭಾವ ತೀರಿಕೊಂಡ ಮೇಲೆ ತೋಟವನ್ನೆಲ್ಲ ಅಕ್ಕನೇ ನೋಡಿಕೊಂಡಳು. ಅವಳ ಬಲಗೈಯಾಗಿ ನಿಂತವರು ತೋಟದ ರೈಟರು. ಮೂವತ್ತು ವರ್ಷ ಚೆಕ್‌ರೋಲು ಬರೆದೂ ಒಂದು ದಿನ ಒಬ್ಬ ಆಳಿನ ಹೆಸರು ತಪ್ಪಿಸಿದವರಲ್ಲ. ಅಕ್ಕನ ಮಗ ಸೈಕಲ್ ಕಲಿತದ್ದು ಅವರ ಕೈಯಲ್ಲೇ, ಕಾಫಿ ಒಣಹಾಕುವ ಕಣದಲ್ಲಿ.

ನಮ್ಮ ಹಿರಿಯರು ಕಾಫಿ ಬೋರ್ಡಿನ ಪೂಲಿಗೆ ಕಾಫಿ ಕೊಟ್ಟು, ಕಂತು ಕಂತಾಗಿ ಬರುವ ಹಣಕ್ಕೆ ದಾರಿ ಕಾಯುತ್ತಿದ್ದವರು. ಆ ಪದ್ಧತಿ ೧೯೯೦ರ ದಶಕದಲ್ಲಿ ಹೋಯಿತು. ಆಮೇಲೆ ಏರಿದ ಧಾರಣೆಯೂ ನಮ್ಮದೇ, ಇಳಿದ ಧಾರಣೆಯೂ ನಮ್ಮದೇ. ೨೦೨೪ರಲ್ಲಿ ರೊಬಸ್ಟಾಕ್ಕೆ ಕಂಡು ಕೇಳದ ಧಾರಣೆ ಬಂತು. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ್ದ ಹುಡುಗ, ಸೊಸೈಟಿಯ ಸಾಲ ತೀರಿಸಿ ಮಿಕ್ಕ ಹಣದಲ್ಲಿ ತನ್ನ ಬಹುದಿನದ ಆಸೆಯೊಂದನ್ನು ಪೂರೈಸಿಕೊಳ್ಳಲು ಹೊರಟ. ಆ ಆಸೆ ಟರ್ಬೊ ಎಂಜಿನಿನ ಒಂದು ಓಟದ ಕಾರು. ಅದರ ಹೆಸರು ಇಲ್ಲಿ ಬೇಡ. ಮುಂದೆ ಬರುವ ಕತೆಯಲ್ಲಿ ತಪ್ಪು ಕಾರಿನದಲ್ಲ.

ನಮ್ಮ ಕಡೆ ಯಾರಾದರೂ ಕಾರು ಕೊಳ್ಳುತ್ತಾರೆಂದರೆ ಅದು ಊರಿನ ಸಂಗತಿ. ಭಾನುವಾರ ಮಧ್ಯಾಹ್ನ ಅಕ್ಕನ ಜಗಲಿಯಲ್ಲಿ ಸಭೆ ಸೇರಿತು. ಪಕ್ಕದ ತೋಟದ ಗೌಡರು ಬಂದರು. ಯುದ್ಧ ಮುಗಿದಾಗ ಮಿಲಿಟರಿಯವರು ಮಾರಿದ ವಿಲ್ಲೀಸ್ ಜೀಪೊಂದನ್ನು ಅವರ ತಂದೆ ಕೊಂಡಿದ್ದರು. ಇವರು ಇನ್ನೂ ಅದನ್ನು ಬಿಟ್ಟಿಲ್ಲ. ದನದ ಡಾಕ್ಟರು ಬಂದರು. ಬೆಂಗಳೂರಿನಿಂದ ರಜಕ್ಕೆ ಬಂದಿದ್ದ ಇಂಜಿನಿಯರರೊಬ್ಬರು ತಮ್ಮ ಪೋಲೊ ಜಿಟಿ ಟಿಎಸ್‌ಐಯಲ್ಲಿ ಬಂದರು. ಆ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು ೨೦೧೩ರಲ್ಲಿ. ಎಂಜಿನು ಬರೀ ೧.೨ ಲೀಟರು, ತಾನೇ ಬದಲಾಗುವ ಗೇರುಗಳು ಏಳು. ೨೦೨೨ರಲ್ಲಿ ಪೋಲೊ ತಯಾರಿಕೆ ಇಲ್ಲಿ ನಿಂತ ದಿನ ಅವರು ಊಟ ಮಾಡಲಿಲ್ಲವೆಂದು ಪ್ರತೀತಿ.

ಗೌಡರು ಕಡುಬು ಮುರಿಯುತ್ತಾ ಪೂರ್ವಪಕ್ಷ ಹೂಡಿದರು. "ಅಲ್ಲ ಮಾರಾಯ, ಎಂಜಿನ್ನು ಅಂದ್ರೆ ಎಂಜಿನ್ನು. ಅದಕ್ಕೆ ಗಾಳಿ ಊದೋಕೆ ಇನ್ನೊಂದು ಯಂತ್ರ ಯಾಕೆ? ಕೆಡೋ ಸಾಮಾನು ಒಂದು ಹೆಚ್ಚಾಯ್ತು, ಅಷ್ಟೆ."

"ದೊಡ್ಡಪ್ಪ, ನಿಮ್ಮ ಮೂಟೆ ಹೊರೋ ಪಿಕಪ್ಪೂ ಟರ್ಬೊನೇ," ಎಂದ ಹುಡುಗ. "ಈಗಿನ ಡೀಸೆಲ್ ಗಾಡಿ ಎಲ್ಲಾನೂ ಅದೇ."

ಗೌಡರು ಕಡುಬನ್ನು ಕೆಳಗಿಟ್ಟರು. ಹತ್ತು ವರ್ಷ ತಮ್ಮ ಮನೆಯಂಗಳದಲ್ಲೇ ಶತ್ರು ವಾಸವಾಗಿದ್ದಾನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಂಜಿನಿಯರರು ವಿವರಿಸಿದರು. ಎಂಜಿನು ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಂಬಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ನೂಕುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕಂತೆ ಪೆಟ್ರೋಲು ಉರಿಯುತ್ತದೆ, ಚಿಕ್ಕ ಎಂಜಿನು ದೊಡ್ಡದರ ಕೆಲಸ ಮಾಡುತ್ತದೆ. ಚಕ್ರ ತಿರುಗುವುದು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ, "ಊದುಗೊಳವೆ ಅನ್ನಿ," ಎಂದಳು. "ಊದೋರು ಬೇರೆ ಬೇಡ, ಒಲೆ ಹೊಗೆಯೇ ಒಲೆ ಊದತ್ತೆ. ಅಂಥದ್ದು ನಾನು ಈ ಮನೆಗೆ ಬಂದಾಗ ಇದ್ದಿದ್ರೆ ನನ್ನ ಕಣ್ಣಾದ್ರೂ ಉಳೀತಿತ್ತು."

ಅಂಥದ್ದು ಅಕ್ಕ ಹುಟ್ಟುವ ಮೊದಲೇ ಇತ್ತು. ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟು ಪಡೆದದ್ದು ೧೯೦೫ರಲ್ಲಿ. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ವಿಮಾನದ ಎಂಜಿನೊಂದನ್ನು ಲಾರಿಯಲ್ಲಿ ಹೇರಿಕೊಂಡು, ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೋದ. ಕೆಳಗೆ ೩೫೦ ಕುದುರೆಗಳ ಶಕ್ತಿ ಕೊಡುತ್ತಿದ್ದ ಎಂಜಿನು ಅಲ್ಲಿಯ ತೆಳುಗಾಳಿಯಲ್ಲಿ ೨೩೦ಕ್ಕೆ ಇಳಿಯಿತು. ಟರ್ಬೊ ಕಟ್ಟಿದ ಮೇಲೆ ೩೫೬ ಕೊಟ್ಟಿತು. ಮೈದಾನದವರ ಷೋಕಿಯೆಂದು ನಾವು ತಿಳಿದ ವಸ್ತು ತನ್ನ ಯೋಗ್ಯತೆ ತೋರಿಸಿದ್ದು ಬೆಟ್ಟದ ತುದಿಯಲ್ಲಿ! ನಮ್ಮ ಚಿಕ್ಕಮಗಳೂರಿನ ಎತ್ತರದಲ್ಲೂ ಸಾಧಾರಣ ಎಂಜಿನು ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ೧೯೩೦ ಮೀಟರಿನ ಮುಳ್ಳಯ್ಯನಗಿರಿಯಲ್ಲಂತೂ ಇನ್ನೂ ಹೆಚ್ಚು.

ಗೌಡರು ಸೋಲುವವರಲ್ಲ. ನಮ್ಮ ಜಿಲ್ಲೆಯ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ-ಪೆಸಿಫಿಕ್ ರ್ಯಾಲಿಯ ಒಂದು ಸುತ್ತು ನಡೆಯುತ್ತಿದ್ದ ಕಾಲವನ್ನು ಎತ್ತಿದರು. "೨೦೧೩ರಲ್ಲಿ ಗೌರವ್ ಗಿಲ್ ಆ ಚಾಂಪಿಯನ್‌ಷಿಪ್ ಗೆದ್ದ ಫಾಬಿಯಾಗೆ ಟರ್ಬೊ ಇತ್ತಾ? ಇರಲಿಲ್ಲ. ಎರಡು ಲೀಟರಿನ ಸಾದಾ ಎಂಜಿನ್ನು!"

"ಅದೇ ಗಿಲ್ ೨೦೧೬ರಲ್ಲೂ ೨೦೧೭ರಲ್ಲೂ ಗೆದ್ದಿದ್ದು ೧.೬ ಲೀಟರಿನ ಟರ್ಬೊದಲ್ಲಿ," ಎಂದರು ಇಂಜಿನಿಯರರು. ಒಬ್ಬನೇ ಸಾರಥಿ ಎರಡು ಪಕ್ಷಕ್ಕೂ ಸಾಕ್ಷಿಯಾದದ್ದರಿಂದ ಆ ವಾದ ಅಲ್ಲಿಗೆ ನಿಂತಿತು. ಕಡುಬೂ ಮುಗಿದಿತ್ತು.

ನಿಜವಾದ ಜಗಳ ಆಮೇಲೆ ಬಂತು. ಕಾರು ಯಾವುದೆಂಬುದು ನಿಶ್ಚಯವಾಗಿತ್ತು, ಯಾವ ದರ್ಜೆಯದೆಂಬುದು ಆಗಿರಲಿಲ್ಲ. ನಡುವಿನ ದರ್ಜೆಗೂ ಮೇಲಿನದಕ್ಕೂ ಎಂಜಿನು ಒಂದೇ, ಬ್ರೇಕು ಒಂದೇ, ಗಾಳಿಚೀಲಗಳೂ ಅಷ್ಟೇ. ಕಾರು ಜಾರಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕು ಹಾಕಿ ಹಾದಿಗೆ ತರುವ ಇಎಸ್‌ಸಿ ಎಂಬ ಸಾಧನ ಎರಡಕ್ಕೂ ಇತ್ತು. ಮೇಲಿನದಕ್ಕೆ ಎರಡು ಲಕ್ಷ ಹೆಚ್ಚು. ಅದಕ್ಕೆ ಪ್ರತಿಯಾಗಿ ಚಾವಣಿಯಲ್ಲೊಂದು ಗಾಜಿನ ಕಿಟಕಿ, ಬೆನ್ನಿಗೆ ತಣ್ಣನೆ ಗಾಳಿ ಬಿಡುವ ಸೀಟು, ಹದಿನೇಳಿಂಚಿನ ಹೊಳೆಯುವ ಚಕ್ರಗಳು, ಸ್ಥಳ ಉಳಿಸಲೆಂದು ತೆಳ್ಳಗೆ ಮಾಡಿದ ಸ್ಟೆಪ್ನಿ.

ಹುಡುಗ ನಾಲ್ಕು ವಿಮರ್ಶೆಗಳನ್ನು ಓದಿ ಹೇಳಿದ. ಒಬ್ಬರಿಗೆ ಸ್ಟಿಯರಿಂಗ್ ಹಗುರ, ಇನ್ನೊಬ್ಬರಿಗೆ ಅದೇ ಭಾರ. ದೊಡ್ಡ ಚಕ್ರದಿಂದ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆಂದು ಎಲ್ಲರೂ ಒಪ್ಪಿದ್ದರು. ಎಲ್ಲರೂ ಆ ಕಾರನ್ನು ಎರಡು ದಿನ ಇಟ್ಟುಕೊಂಡು ಹೆದ್ದಾರಿಯಲ್ಲಿ ಓಡಿಸಿ ಹಿಂದಕ್ಕೆ ಕೊಟ್ಟವರು. ಏಳು ವರ್ಷ ಇಟ್ಟುಕೊಳ್ಳುವವನ ಕಷ್ಟ ಅವರಿಗೇಕೆ? ಮದುವೆಯೂಟ ಉಂಡು ಹೋದವರು ಸೊಸೆಯ ಗುಣ ಹೇಳಿದಂತೆ.

ಇಂಜಿನಿಯರರು ನಡುವಿನ ದರ್ಜೆಯೇ ಸಾಕೆಂದರು. "ರಿಮ್ಮು ದೊಡ್ಡದಾದಷ್ಟೂ ರಬ್ಬರು ತೆಳ್ಳಗಾಗತ್ತೆ. ನಿಮ್ಮ ತೋಟದ ರಸ್ತೆಯ ಕಲ್ಲಿಗೆ ತೆಳು ಟೈರು ಎಷ್ಟು ದಿನ ಬಂದೀತು?"

ಹುಡುಗ ನನ್ನ ಕಡೆ ನೋಡಿ, "ನೀವೇನಂತೀರಿ ಮಾವ?" ಎಂದ.

ನಾನು ಸುಮ್ಮನಿರಬಹುದಿತ್ತು. ಆದರೆ ಚಿತ್ರದಲ್ಲಿ ಆ ದೊಡ್ಡ ಚಕ್ರಗಳು ಬಹಳ ಚೆನ್ನಾಗಿ ಕಂಡಿದ್ದವು. ಮೂಡಿಗೆರೆಯ ಪೇಟೆಯಲ್ಲಿ, ನನ್ನ ಹಳೆಯ ಬ್ಯಾಂಕಿನ ಮುಂದೆ, ಆ ಕಾರಿನಿಂದ ನಾನು ಇಳಿಯುತ್ತಿರುವುದನ್ನು ಮನಸ್ಸು ಆಗಲೇ ಕಂಡುಬಿಟ್ಟಿತ್ತು. "ಸಣ್ಣ ಚಕ್ರ ಹಾಕಿದರೆ ರೇಷ್ಮೆ ಪಂಚೆ ಉಟ್ಟು ಹವಾಯಿ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತದೆ," ಎಂದುಬಿಟ್ಟೆ. ಎಲ್ಲರೂ ನಕ್ಕರು. ಹುಡುಗನಿಗೆ ಬೇಕಾಗಿದ್ದದ್ದೂ ಅಂಥ ಒಂದು ಮಾತೇ. ಮರುದಿನ ಮೇಲಿನ ದರ್ಜೆಗೆ ಮುಂಗಡ ಕೊಟ್ಟ.

ಕಾರು ಬಂತು, ಪೂಜೆಯಾಯಿತು. ಹುಡುಗ ಮೊದಲ ಸವಾರಿಯಲ್ಲಿ ರೈಟರನ್ನೇ ಕೂರಿಸಿಕೊಂಡು ಹೊರನಾಡಿಗೆ ಹೋಗಿಬಂದ. ನಾನೂ ಬ್ಯಾಂಕಿನ ಮುಂದೆ ಇಳಿದೆ. ನೋಡಬೇಕಾದವರು ಯಾರೂ ಆ ಹೊತ್ತಿಗೆ ಹೊರಗೆ ಬರಲಿಲ್ಲ.

ಜುಲೈ ತಿಂಗಳು. ನಮ್ಮ ಕಡೆಯ ಜುಲೈ ಎಂದರೆ ಏನೆಂದು ಚಾರ್ಮಾಡಿಯ ದಾರಿ ತಿಳಿದವರಿಗೆ ಹೇಳಬೇಕಾಗಿಲ್ಲ. ೨೦೧೯ರ ಆಗಸ್ಟಿನಲ್ಲಿ ಗುಡ್ಡವೇ ಜಾರಿ ಆ ಘಾಟಿ ಮುಚ್ಚಿಹೋಗಿತ್ತು. ನಾನು ಅಕ್ಕನ ಮನೆಯಲ್ಲಿದ್ದೆ. ಮೂರು ದಿನದಿಂದ ಕರೆಂಟಿರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ರೈಟರ ಮಗಳು ಮಳೆಯಲ್ಲಿ ಓಡಿಬಂದಳು. ಅಪ್ಪನಿಗೆ ಎದೆ ಹಿಂಡುತ್ತಿದೆ, ಮೈಯೆಲ್ಲ ಬೆವರು. ೧೦೮ಕ್ಕೆ ಫೋನು ಮಾಡೋಣವೆಂದರೆ ಸಿಗ್ನಲ್ಲೂ ಇರಲಿಲ್ಲ.

ಹುಡುಗ ಕಾರು ತೆಗೆದ. ರೈಟರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಮಲಗಿಸುವಷ್ಟು ಜಾಗವಿರಲಿಲ್ಲ. ಮೊಣಕಾಲು ಎದೆಗೆ ಬಂದಿತ್ತು. ಮಗಳು ಅವರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಓದಿದ ನಾಲ್ಕು ವಿಮರ್ಶೆಗಳಲ್ಲಿ ಎದೆನೋವಿನವರು ಹಿಂದೆ ಹೇಗೆ ಕೂರಬೇಕೆಂಬ ವಿಷಯ ಬಂದಿರಲಿಲ್ಲ.

ಟಾರು ರಸ್ತೆ ಇನ್ನೂ ಅರ್ಧ ಮೈಲಿ ಇರುವಾಗ ಢಬ್ ಎಂದಿತು. ನೀರು ಕೊರೆದ ಚರಳಿನಲ್ಲಿ ಎದ್ದು ನಿಂತಿದ್ದ ಕಲ್ಲೊಂದು ಎಡಗಡೆಯ ಮುಂದಿನ ಟೈರಿನ ಪಕ್ಕವನ್ನು ಸೀಳಿಬಿಟ್ಟಿತ್ತು. ಹುಡುಗ ಕೆಳಗಿಳಿದ. ನಾನು ಟಾರ್ಚು ಹಿಡಿದೆ. ಕೆಸರಿನಲ್ಲಿ ಜಾಕು ಹೂತುಹೋಗುತ್ತಿತ್ತು. ಹಲಗೆ ಹುಡುಕಿ ತಂದು ಅದರಡಿ ಇಟ್ಟೆವು. ಇಪ್ಪತ್ತೈದು ನಿಮಿಷ ಹಿಡಿಯಿತು. ಹುಡುಗ ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಳಗಿನಿಂದ ರೈಟರು ಸಣ್ಣ ದನಿಯಲ್ಲಿ, "ನಿಧಾನ ಮಾಡಿ ಅಪ್ಪಿ, ನಟ್ಟು ಬಿಗಿಯಾಗಿರ್ಲಿ," ಎಂದರು. ಸೈಕಲ್ ಕಲಿಸುವಾಗಿನ ಅದೇ ದನಿ.

ಆ ತೆಳ್ಳನೆ ಸ್ಟೆಪ್ನಿಯ ಮೇಲೆ ಎಂಬತ್ತು ಕಿಲೋಮೀಟರು ಮೀರಬಾರದೆಂದು ಬರೆದಿತ್ತು. ಆ ಮಳೆಯಲ್ಲಿ ನಾವು ಐವತ್ತನ್ನೂ ಮುಟ್ಟಲಿಲ್ಲ. ಆದರೆ ನ್ಯಾಯವಾಗಿ ಹೇಳಬೇಕು: ಕೊಟ್ಟಿಗೆಹಾರಕ್ಕೆ ಮುಂಚಿನ ಏರಿನಲ್ಲಿ ಮರದ ಲಾರಿಯೊಂದು ಉಬ್ಬಸಪಡುತ್ತಾ ಹೋಗುತ್ತಿತ್ತು. ಸ್ವಲ್ಪ ನೇರ ದಾರಿ ಸಿಕ್ಕಿದ ಕೂಡಲೆ ಹುಡುಗ ಕಾಲೊತ್ತಿದ. ಒಂದು ಗಳಿಗೆ ಏನೂ ಆಗಲಿಲ್ಲ, ಕರೆದ ಆಳು ಹಿತ್ತಲಲ್ಲಿದ್ದಂತೆ. ಆಮೇಲೆ ಬೆನ್ನು ನೂಕಿದ ಹಾಗಾಗಿ ಲಾರಿ ಹಿಂದೆ ಉಳಿಯಿತು. ಅಕ್ಕನ ಊದುಗೊಳವೆ ಕೆಲಸ ಮಾಡಿತು. ಮುಂದೊಂದು ತಿರುವಿನಲ್ಲಿ ಕೆಂಪು ಮಣ್ಣು ರಸ್ತೆಗೆ ಹರಿದಿತ್ತು. ಕಾರಿನ ಹಿಂಭಾಗ ಕಣಿವೆಯ ಕಡೆಗೆ ಸರಿಯಿತು, ಎದುರು ಹಳದಿ ದೀಪವೊಂದು ಮಿಣುಕಿತು, ಚಕ್ರಗಳು ಕಟಕಟನೆ ಸದ್ದು ಮಾಡಿದವು, ಕಾರು ಮತ್ತೆ ನೆಟ್ಟಗಾಯಿತು. ಜಗಲಿಯ ಚರ್ಚೆಯಲ್ಲಿ ಯಾರೂ ಎರಡನೆಯ ಮಾತಾಡದೆ ಬಿಟ್ಟಿದ್ದ ಇಎಸ್‌ಸಿ ಅದು.

ಮೂಡಿಗೆರೆಯಲ್ಲಿ ಇಂಜೆಕ್ಷನ್ ಕೊಡಿಸಿ, ಅಲ್ಲಿಂದ ಚಿಕ್ಕಮಗಳೂರಿಗೆ ಸಾಗಿಸಿದೆವು. ಬೆಳಗಿನ ಜಾವ ಡಾಕ್ಟರು ಹೊರಗೆ ಬಂದು, "ಉಳೀತಾರೆ. ಇನ್ನೊಂದು ಸ್ವಲ್ಪ ಮೊದಲು ಬಂದಿದ್ದರೆ ಚೆನ್ನಾಗಿತ್ತು," ಎಂದರು. ಅವರು ಎಲ್ಲರಿಗೂ ಹೇಳುವ ಮಾತೇ ಅದಾಗಿರಬಹುದು. ಆದರೆ ಆ 'ಸ್ವಲ್ಪ' ಎಷ್ಟು ಎಂಬುದಕ್ಕೆ ನನ್ನ ಹತ್ತಿರ ಒಂದು ಲೆಕ್ಕವಿತ್ತು.

ರೈಟರು ಉಳಿದರು. ಇಳಿಜಾರಿನ ತೋಟ ಹತ್ತಿ ಇಳಿಯುವುದು ಮಾತ್ರ ಅವರಿಂದ ಇನ್ನಾಗದು. ಆಫೀಸಿನ ಕೋಣೆಯಲ್ಲಿ ಕುಳಿತು ಚೆಕ್‌ರೋಲು ಬರೆಯುತ್ತಾರೆ. ಒಂದು ದಿನ ಧೈರ್ಯ ಮಾಡಿ ಅವರೆದುರು ಚಕ್ರದ ಕತೆಯನ್ನೆಲ್ಲ ಹೇಳಿ, ತಪ್ಪು ನನ್ನದೆಂದೆ. ಅವರು ಪೆನ್ನು ಕೆಳಗಿಟ್ಟು, "ಕಾರು ಒಳ್ಳೇದೇ ಸಾರ್. ಬರೆಯೋರು ಹಿಂದೆ ಕೂತೋರನ್ನೂ ಒಂದು ಮಾತು ಕೇಳಿದ್ರೆ ಆಗ್ತಿತ್ತು," ಎಂದು ಮತ್ತೆ ಬರೆಯತೊಡಗಿದರು. ಕ್ಷಮಿಸಿದರೋ ಇಲ್ಲವೋ ನನಗಿನ್ನೂ ತಿಳಿದಿಲ್ಲ.

ಹುಡುಗ ಆ ಹೊಳೆಯುವ ಚಕ್ರಗಳನ್ನು ಬಿಚ್ಚಿಸಿ, ನಡುವಿನ ದರ್ಜೆಯ ಸಣ್ಣ ಚಕ್ರಗಳನ್ನೂ ದಪ್ಪ ಟೈರುಗಳನ್ನೂ ಹಾಕಿಸಿದ. ಪೂರ್ಣ ಗಾತ್ರದ ಸ್ಟೆಪ್ನಿ ಕೊಂಡ. ಮುಂದಿನ ಹಂಗಾಮಿನ ಹಣ ಬಂದಾಗ ಲೈನ್ ಮನೆಗಳಿಂದ ಟಾರು ರಸ್ತೆಯವರೆಗೆ ಕಲ್ಲು ಹಾಸಿಸಿದ. ಕಂಪನಿಯ ಪಟ್ಟಿಯಲ್ಲಿ ಆ ಸೌಲಭ್ಯ ಇರಲಿಲ್ಲ. ಗೌಡರ ಜೀಪು ಈಗ ಆ ರಸ್ತೆಯಲ್ಲಿ ಮೊದಲಿಗಿಂತ ಹೆಚ್ಚು ಬರುತ್ತದೆ. ಅವರು ಟರ್ಬೊವನ್ನು ಕ್ಷಮಿಸಿದ್ದಾರೆ, ಪಿಕಪ್ಪಿನ ಮಟ್ಟಿಗೆ.

ಚಾವಣಿಯ ಕಿಟಕಿಯ ಬಗ್ಗೆಯೂ ಹೇಳದಿದ್ದರೆ ಲೆಕ್ಕ ಮುಗಿಯುವುದಿಲ್ಲ. ವರ್ಷದ ಬಹುಭಾಗ ಮಳೆ ಬೀಳುವ ಊರಿನಲ್ಲಿ ಅದಕ್ಕಿಂತ ದಂಡ ಬೇರೊಂದಿಲ್ಲವೆಂದು ನಾವೆಲ್ಲ ತೀರ್ಮಾನಿಸಿದ್ದೆವು. ೨೦೨೫ರ ಬೇಸಿಗೆಯಲ್ಲಿ ಹೂಮಳೆ ಬಿದ್ದು ವಾರ ಕಳೆದ ಮೇಲೆ ತೋಟವೆಲ್ಲ ಬೆಳ್ಳಗಾಯಿತು. ಹೂವನ್ನು ನೋಡಲು ರೈಟರಿಗೆ ನಡೆದು ಹೋಗಲಾಗದು. ಹುಡುಗ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಹೊಸ ಕಲ್ಲಿನ ದಾರಿಯಲ್ಲಿ ಮೆಲ್ಲಗೆ ತೋಟದ ನಡುವಿಗೆ ತಂದು ನಿಲ್ಲಿಸಿದ. ಬಿಸಿಯಾದ ಟರ್ಬೊ ತಣಿಯಲೆಂದು ಅರ್ಧ ನಿಮಿಷ ಎಂಜಿನು ಓಡಲು ಬಿಟ್ಟು ಆರಿಸಿದ. ಆಮೇಲೆ ಗುಂಡಿಯೊತ್ತಿ ಚಾವಣಿ ತೆರೆದ. ಕಾಫಿ ಹೂವಿನ ಪರಿಮಳ ಒಳಗೆ ತುಂಬಿತು. ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಿಸಿಕೊಂಡು ಕೂತವನು ನಾನು.

ರೈಟರು ತಲೆಯೆತ್ತಿ ಬಹಳ ಹೊತ್ತು ಉಸಿರೆಳೆದುಕೊಂಡರು. "ಇದು ಎಷ್ಟು ಬಿತ್ತು ಅಪ್ಪಿ?" ಎಂದು ಕೇಳಿದರು.

ಹುಡುಗ ಹೇಳಲಿಲ್ಲ. ನಾನೂ ಹೇಳಲಿಲ್ಲ.