ರಿವಾಲ್ವರ್: ಹೊಸದಾ, ಹಳೇದಾ?

ಅರಕಲಗೂಡಿನ ತೋಟದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಆಲೂಗಡ್ಡೆ, ಶುಂಠಿ ಮಾರಿ ದುಡ್ಡಿನ ಸಮೇತ ಹಾಸನದಿಂದ ಕತ್ತಲಲ್ಲಿ ವಾಪಸ್ ಬರುವ ಅಪ್ಪನಿಗೆ ಈ ವರ್ಷ ರಿವಾಲ್ವರ್ ಲೈಸೆನ್ಸ್ ಸಿಕ್ಕಿತು. ಶುರುವಾಯ್ತು ನೋಡಿ ಚರ್ಚೆ!

ಹೊಳೆನರಸೀಪುರದ ಪರಿಚಯದವರೊಬ್ಬರು ತಮ್ಮ .32 ರಿವಾಲ್ವರ್ ಕೊಡಲು ರೆಡಿ. "ಅರ್ಧ ದುಡ್ಡಿಗೆ ಬರುತ್ತೆ, ತಗೊಳ್ಳಿ ಮಾವ" ಅಂದರು ಚನ್ನರಾಯಪಟ್ಟಣದ ಭಾವ.

ಆದರೆ ಇದು ಸೆಕೆಂಡ್ ಹ್ಯಾಂಡ್ ಬೈಕ್ ಅಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಮಾರುವವರು ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಿ, 45 ದಿನ ಕಾಯಬೇಕು. ಗನ್ ಮೇಲಿನ ನಂಬರು ಕಾಗದದ ನಂಬರಿಗೆ ತಾಳೆಯಾಗಬೇಕು.

ಕಾಗದವೆಲ್ಲ ಸರಿ ಇದ್ದರೂ ನನ್ನ ಅನುಮಾನ ಬೇರೆ. ಬೈಕಿಗಾದರೆ ಎಷ್ಟು ಓಡಿದೆ ಅಂತ ಮೀಟರ್ ಹೇಳುತ್ತೆ. ರಿವಾಲ್ವರಿಗೆ ಮೀಟರ್ ಎಲ್ಲಿದೆ? ಎಷ್ಟು ಗುಂಡು ಹಾರಿದೆ, ಬ್ಯಾರೆಲ್ ಒಳಗೆ ತುಕ್ಕು ಹಿಡಿದಿದೆಯಾ, ಸಿಲಿಂಡರ್ ಅಲ್ಲಾಡುತ್ತಾ ಅನ್ನೋದು ನಮ್ಮಂಥವರ ಕಣ್ಣಿಗೆ ಕಾಣಲ್ಲ. ಬಲ್ಲವರು ಬಿಚ್ಚಿ ನೋಡಬೇಕು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ .32 ದುಬಾರಿ, ನಿಜ. ಆದರೆ ಅದರ ಚರಿತ್ರೆ ಅಪ್ಪನಿಂದಲೇ ಶುರುವಾಗುತ್ತೆ.

ಇಷ್ಟೆಲ್ಲ ಲೆಕ್ಕ ಹಾಕುವಾಗ ಅಮ್ಮ ಕೇಳಿದ್ದು ಒಂದೇ ಮಾತು: "ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಅದು ಎಲ್ಲಿರುತ್ತೆ?"

ಯಾರೂ ಮಾತಾಡಲಿಲ್ಲ.

ಕೊನೆಗೆ ಹೊಸದೇ ಅಂತಾಯ್ತು. ಆದರೆ ಅದಕ್ಕಿಂತ ಮೊದಲು ಕೊಳ್ಳುವುದು ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಲಾಕರ್. ಗುಂಡಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ನೀವೂ ಇಂಥ ಲೆಕ್ಕದಲ್ಲಿದ್ದರೆ, ಬೆಲೆ ವಿಚಾರಿಸುವ ಮುಂಚೆ ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಿ.